ಹೂವಾದ ಮೇಲಿನ ಮಳೆ

ಇದು ನಾನು ಸಕಲೇಶಪುರದ ತಾಲ್ಲೂಕು ಆಸ್ಪತ್ರೆಗೆ ಡಾಕ್ಟರಾಗಿ ಬಂದ ಮೊದಲ ತಿಂಗಳಲ್ಲಿ ನಡೆದದ್ದೋ ಎರಡನೆಯದರಲ್ಲೋ, ಖಾತ್ರಿಯಿಲ್ಲ. ಹೇಳಿ ಹೇಳಿ, ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದೂ ಕಲಸಿಹೋಗಿದೆ.

ಬಂಜೆತನದ ಚಿಕಿತ್ಸೆಗೆಂದು ಹೆತ್ತೂರಿನ ಸವಿತಾ ಒಬ್ಬರೇ ಬಂದಿದ್ದರು. ಮದುವೆಯಾಗಿ ಏಳು ವರ್ಷ. ಅತ್ತೆ ಆಗಲೇ ಮಗನಿಗೆ ಇನ್ನೊಂದು ಹೆಣ್ಣು ಹುಡುಕುತ್ತಿದ್ದರು. ಗಂಡ ಯಾಕೆ ಬಂದಿಲ್ಲ ಎಂದು ಕೇಳಿದೆ.

“ಬ್ಯಾಕಿಂಗ್ ಆಗಿಲ್ಲ ಡಾಕ್ಟ್ರೇ, ಅದೇ ತಲೆಬಿಸಿ ಅವ್ರಿಗೆ.”

“ಬೆನ್ನುನೋವೇ? ಎಕ್ಸ್‌ರೇ ಮಾಡಿಸೋಣ,” ಎಂದುಬಿಟ್ಟೆ.

ಸವಿತಾ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಮ್ಮ ವಿಜಯಪುರದಲ್ಲಿ ಮಳೆ ಬಂತೇ, ಇಲ್ಲವೇ ಎಂದಷ್ಟೇ ಕೇಳುತ್ತೇವೆ. ಇಲ್ಲಿ ಮಳೆಗಳಿಗೂ ಕೆಲಸ ಹಂಚಿದ್ದಾರೆ: ಕಾಫಿ ಹೂ ಬಿಡಲು ಒಂದು, ಆ ಹೂ ಕಾಯಿ ಕಚ್ಚಲು ಇನ್ನೊಂದು. ಎರಡನೆಯದೇ ಬ್ಯಾಕಿಂಗ್.

ಗಂಡಸರು ಪರೀಕ್ಷೆಗೆ ಬಾರದಿರುವುದರಲ್ಲಿ ಮಾತ್ರ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿರಲಿಲ್ಲ. ಮುಂದಿನ ಸಲ ಸವಿತಾ ಗಂಡ ಲೋಕೇಶರನ್ನು ಎಳೆದುಕೊಂಡೇ ಬಂದರು.

“ನಂಗೇನಾಗೈತೆ ಮಾರಾಯ್ರೇ?” ಎಂದರು ಲೋಕೇಶ್.

“ಹೂ ಬುಟ್ಟಾಗೈತೆ ಕಣ್ರೀ. ಬ್ಯಾಕಿಂಗ್ ನಿಮ್ದು!” ಎಂದರು ಸವಿತಾ.

ಹೊರಗೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದರು. ಲೋಕೇಶ್ ಕಿವಿ ಕೆಂಪಗೆ ಮಾಡಿಕೊಂಡು ಪರೀಕ್ಷೆಗೆ ಹೋದರು. ತೊಂದರೆ ಅವರಲ್ಲೇ ಇತ್ತು, ಚಿಕಿತ್ಸೆಯೂ ಇತ್ತು. ಆದರೆ ಅದಕ್ಕೆ ಮಂಗಳೂರಿಗೆ ಹೋಗಬೇಕು. ಮಣ್ಣು ಕುಸಿದು ಶಿರಾಡಿ ಘಾಟಿ ಮುಚ್ಚಿದರೆ ಆ ತಿಂಗಳ ಶ್ರಮವೆಲ್ಲ ವ್ಯರ್ಥ.

ಈ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದೆ, ಬೆಳೆಗಾರರ ಸಭೆಗಳಲ್ಲಿ ಗಂಟಲು ಹರಿದುಕೊಂಡೆ. ಆಲೂರಿನ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು, “ಇದೇನು ತುರ್ತು ಕಾಯಿಲೆಯಲ್ಲವಲ್ಲ ಡಾಕ್ಟರೇ,” ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಸವಿತಾ ಎದ್ದರು.

“ಬ್ಯಾಕಿಂಗ್ ಲೇಟಾದ್ರೆ ಹೂವು ಕಾಯ್ಕೊಂಡು ಕೂತಿರ್ತೈತಾ ಸಾರ್?”

ಕಾಫಿ ಬೆಳೆಯುವವರ ಸಭೆ ಅದು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಚಪ್ಪಾಳೆ ನಿಲ್ಲಲಿಲ್ಲ. ಅಧಿಕಾರಿಯೂ ನಕ್ಕುಬಿಟ್ಟರು. ಮಂಜೂರಾತಿಗೆ ಮತ್ತೆ ಅಲೆದಾಡಿದ್ದು ನಿಜ, ಆದರೆ ನಾವು ಗೆದ್ದದ್ದು ಅಲ್ಲಿಯೇ. ಈಗ ನಮ್ಮಲ್ಲೇ ವಾರಕ್ಕೊಮ್ಮೆ ನಡೆಯುವ ಚಿಕಿತ್ಸೆಗೆ ಪಕ್ಕದ ತಾಲ್ಲೂಕಿನ ಮಗ್ಗೆಯಿಂದಲೂ ಬರುತ್ತಾರೆ, ಗಂಡ ಹೆಂಡತಿ ಜೊತೆಯಾಗಿ.

ಊರಿಗೆ ಹೋದರೆ ಅಕ್ಕ, “‘ಐತಿ’ ಅನ್ನೂದು ಮರತಿಯೇನೋ? ‘ಐತೆ’ ಅಂತಿ!” ಎಂದು ಕಾಡುತ್ತಾಳೆ. ಇಲ್ಲಿ ನಾನು ಇಂದಿಗೂ ಬಿಜಾಪುರದ ಡಾಕ್ಟ್ರು. ಯಾವ ಕಡೆಯವನೆಂದು ಕೇಳಿದರೆ ತಡವರಿಸುತ್ತೇನೆ.

ನೆನಪನ್ನು ನಂಬದವನಾದ್ದರಿಂದ ಇದನ್ನು ಬರೆಯುವ ಮುನ್ನ ಒಂದು ಸಂಗತಿಯನ್ನಾದರೂ ವಿಚಾರಿಸಿದೆ. ಸವಿತಾರ ಮಗಳು ಹುಟ್ಟಿದ್ದು ಮಂಗಳೂರಿನಲ್ಲಲ್ಲ, ಸಕಲೇಶಪುರದಲ್ಲೇ. ಹೇಳಿದವರು ಅವರ ಅತ್ತೆ: “ಇಲ್ಲೇ ಕಣಪ್ಪಾ. ಮೊದ್ಲು ಎತ್ಕೊಂಡವ್ಳೇ ನಾನು.”