ಅಕ್ಕ ಕಲಿಸಿದ ತಿರುವು

ಕಾರಿನ ಡಿಕ್ಕಿ ತೆಗೆದರೆ ಒದ್ದೆ ರಬ್ಬರಿನ ಜೊತೆ ಪಾಚಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತದೆ. ಮನೆಯವರಿಗೆ ಅದು ಹೇಸಿಗೆ. ನನಗೆ ಮಾತ್ರ, ಅಕ್ಕನ ಮೇಲೆ ಅನುಮಾನಪಟ್ಟ ಆ ಆಷಾಢ ನೆನಪಾಗುತ್ತದೆ.

ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಲ್ಲಿ ನೀರ ಮೇಲೆ ಓಡುವ ಆಟ ನೀವು ನೋಡಿರಬಹುದು. ಚನ್ನಪಟ್ಟಣದವರಾದ ನಾವಿಬ್ಬರೂ ಕಣ್ವ ಜಲಾಶಯದಲ್ಲಿ ಅದನ್ನು ಆಡುತ್ತಿದ್ದೆವು. ದಡದಲ್ಲಿ ಎಮ್ಮೆ ತೊಳೆಯುವವರು, "ಏನ್ ಸಾರ್, ಸರ್ವೆಗೆ ಬಂದಿದ್ದೀರಾ?" ಎಂದು ಈಗಲೂ ಕೇಳುತ್ತಾರೆ. ಅವರ ಅನುಮಾನ ಅವರಿಗೆ, ನನ್ನದು ನನಗೆ.

ನನ್ನದು ಅಡಿಯಲ್ಲಿ ಮೀನಿನ ಈಜುರೆಕ್ಕೆಯಂಥ ಫಿನ್ ಇದ್ದ ಹಳೇ ಹಲಗೆ. ಗಾಳಿ ಬೆನ್ನಿಗಿರುವಾಗ ತಿರುಗಿ, ಹಾಯಿಯನ್ನು ಆಚೆ ಬದಿಗೆ ಹೊರಳಿಸುವುದಕ್ಕೆ ಜೈಬ್ ಅನ್ನುತ್ತಾರೆ. ಫಿನ್ ಹಲಗೆಯ ಅಂಚನ್ನು ಕಾಲಲ್ಲಿ ಒತ್ತಿದರೆ ಸಾಕು, ನೀರನ್ನು ಪಟಪಟ ಬಡಿಯುತ್ತ ತಿರುಗುತ್ತದೆ. ಆ ಸದ್ದೇ ನನಗೆ ಧೈರ್ಯ.

ಆ ಆಷಾಢದಲ್ಲಿ ಅಕ್ಕ ಪುದುಚೇರಿಯಿಂದ ಫಾಯಿಲ್ ತಂದಳು. ಹಲಗೆಯಡಿ ಉದ್ದನೆಯ ಕಂಬ, ಅದರ ತುದಿಗೆ ವಿಮಾನದಂಥ ರೆಕ್ಕೆ. ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ, ಸದ್ದೇ ಇಲ್ಲ. ಸದ್ದಿಲ್ಲದ್ದನ್ನು ನಂಬುವವನಲ್ಲ ನಾನು. ಫ್ರಿಜ್ಜು ಸುಮ್ಮನಾದರೂ ಬಾಗಿಲು ತೆಗೆದು ನೋಡುತ್ತೇನೆ.

"ಇದ್ರಲ್ಲಿ ಒತ್ತಬ್ಯಾಡ ಕಣೋ, ಒಸಿ ವಾಲು ಸಾಕು. ಭಾರ ಮುಂದಕ್ಕಿರ್ಲಿ," ಅಂದಳು.

ಚಿಕ್ಕಂದಿನಲ್ಲಿ ಬಾವಿ ಆಳವಿಲ್ಲ ಅಂತ ಹೇಳಿ ನನ್ನನ್ನು ತಳ್ಳಿದವಳೂ ಇವಳೇ. ಅದೂ ಅಲ್ಲದೆ, ಇವಳು ಫಾಯಿಲ್ ತಿರುಗಿಸಿದ್ದನ್ನು ನಾನು ಕಂಡಿರಲಿಲ್ಲ. ಕೇಳಿದಾಗಲೆಲ್ಲ "ಗಾಳಿ ಸಾಲ್ದು" ಅನ್ನುತ್ತಿದ್ದಳು.

ಆದರೂ ಫಾಯಿಲ್ ಹತ್ತಿ ಹೊರಟೆ. ಹಲಗೆ ಮೇಲೆದ್ದ ಮೇಲೆ ತಿರುಗಿದೆ. ಹಳೇ ಅಭ್ಯಾಸಕ್ಕೆ ಹಿಂದೆ ವಾಲಿ ಅಂಚು ಒತ್ತಿಬಿಟ್ಟೆ. ರೆಕ್ಕೆ ನೀರಿಂದ ಚಿಮ್ಮಿತು, ಹಲಗೆ ದಬಕ್ಕೆಂದು ಬಿತ್ತು, ನಾನು ರೆಕ್ಕೆಯ ಮೇಲೇ ಬಿದ್ದೆ. ಮೊಣಕಾಲ ಕೆಳಗೆ ಸೀಳಿತು. ನೀರು ಕೆಂಪಾಯಿತು. ದಡದಲ್ಲಿದ್ದ ಅಕ್ಕ ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿ, ನನ್ನನ್ನು ದಡಕ್ಕೆಳೆದು, ವೇಲಿನಿಂದ ಗಾಯ ಬಿಗಿದಳು. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

"ನಿಜ ಹೇಳಕ್ಕ, ನಿಂಗೆ ಇದ್ನ ತಿರುಗ್ಸಕ್ಕೆ ಬತ್ತದಾ?"

"ಇಲ್ಲ ಕಣೋ. ಒಂದ್ಸಲಾನೂ ಬಂದಿಲ್ಲ. ಒಬ್ಳೇ ಬೀಳಕ್ಕೆ ಭಯ ಆಯ್ತಿತ್ತು, ಅದ್ಕೇ ನಿನ್ನ ಕರ್ದೆ."

ಅಲ್ಲಿಗೆ ನನ್ನ ಅನುಮಾನ ನಿಜವಾಯಿತು. ಆದರೂ ಗೆದ್ದೆ ಅನ್ನಿಸಲಿಲ್ಲ. ಕಾಲಿನ ಗಾಯದ ಹೊಲಿಗೆ ಬಿಚ್ಚಿದ ಮೇಲೆ ಇಬ್ಬರೂ ಸೇರಿ ಬೀಳತೊಡಗಿದೆವು.

ಇವತ್ತು ಬೆಳಿಗ್ಗೆ ಒಸಿಯೇ ವಾಲಿದೆ. ಹಲಗೆ ಗಾಳಿಯಲ್ಲೇ ಇತ್ತು, ಹಾಯಿ ಹೊರಳಿತು, ನಾನು ಇನ್ನೂ ನಿಂತೇ ಇದ್ದೆ! ಕೂಗಿದೆ. ಅಕ್ಕ ದಡದಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನೇರ ನನ್ನತ್ತಲೇ ನೋಡುತ್ತಿದ್ದಳು.

"ನಾನ್ ನೋಡ್ನಿಲ್ಲ ಕಣೋ! ಇನ್ನೊಂದ್ ಕಿತ ಮಾಡು!"

ಸುಳ್ಳು ಅಂತ ಗೊತ್ತಿತ್ತು. ಮತ್ತೆ ತಿರುಗಿದೆ.