ಸಾಹೇಬರು ಊರಲ್ಲಿಲ್ಲದ ದಿನ

ಹೋದ ವಾರ ಸೀರೆಗೆ ಇಸ್ತ್ರಿ ಮಾಡುತ್ತಿದ್ದಾಗ ಬಾಗಿಲಲ್ಲಿ ಯಾರೋ ಕರೆದಂತಾಯಿತು. ಹೋಗಿ ನೋಡಿದರೆ ಯಾರೂ ಇರಲಿಲ್ಲ. ತಿರುಗಿ ಬರುವಷ್ಟರಲ್ಲಿ ಸೆರಗು ಕಮರಿ ಮನೆ ತುಂಬ ವಾಸನೆ. ಸುಟ್ಟ ಹತ್ತಿಯ ವಾಸನೆ... ಅದರ ಹಿಂದೆಯೇ ನಮ್ಮ ಮ್ಯಾನೇಜರ್ ಸಾಹೇಬರು ನೆನಪಾದರು.

ಎಪ್ಪತ್ತರ ದಶಕದ ಕೊನೆ. ರಾಯಚೂರಿನ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಗಿಲ್ಲೆಸುಗೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಆಫೀಸಿನಲ್ಲಿ ನಾನೊಬ್ಬಳೇ ಹೆಂಗಸು, ಮಾತಾಡಿಸುವವರು ಕಡಿಮೆ. ಸಾಹೇಬರು ಮಾತ್ರ, "ಬಸ್ಸಿನ್ಯಾಗ ಸೀಟ್ ಸಿಕ್ಕಿತ್ತೇನ್ ಬೇಟಿ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸ್ಟೇಷನ್ ಹತ್ತಿರ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು.

ಮೊದಲು ಅವರಿದ್ದ ಮಾನ್ವಿಯ ಮಿಲ್ಲಿಗೆ ಬೆಂಕಿ ಬಿದ್ದಿತ್ತಂತೆ. ಅರ್ಧ ಮಿಲ್ಲು ಉಳಿದಿತ್ತು. ಆದರೆ ಮರುದಿನ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ರೈತರು ಹತ್ತಿಯನ್ನು ಬೇರೆ ಕಡೆ ಒಯ್ದರು, ಕೂಲಿಯವರು ಚದುರಿದರು, ಮಿಲ್ಲು ಮತ್ತೆ ತೆರೆಯಲಿಲ್ಲ. ಆ ಮರುದಿನ ಅವರ ಮನಸ್ಸಿನಿಂದ ಹೋಗಿರಲೇ ಇಲ್ಲ.

ಅದಕ್ಕೇ ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಮೇಸ್ತ್ರಿಯನ್ನು, ಗುಮಾಸ್ತರನ್ನು, ನನ್ನನ್ನು ಮೇಜಿನ ಸುತ್ತ ಕೂಡಿಸಿ ಒಂದು ಆಟ ಆಡಿಸುತ್ತಿದ್ದರು. ಬೆಂಕಿಪೊಟ್ಟಣ ಎಂದರೆ ಯಂತ್ರಗಳಿರುವ ಜಿನ್ನಿನ ಮನೆ, ಶಾಯಿ ದೌತಿ ಬಾವಿ, ಅರಳೆಯ ತುಣುಕು ಹತ್ತಿಯ ರಾಶಿ.

"ಜಿನ್ನಿನ ಮನ್ಯಾಗ ಕಿಡಿ ಬಿದ್ದದ. ಮೇಸ್ತ್ರಿ, ಏನ್ ಮಾಡ್ತಿ?"

"ಪಂಪ್ ಹಚ್ಚತೀನ್ರಿ."

"ಕರೆಂಟ್ ಹೋಗ್ಯಾದ."

"ಬಾವಿಯಿಂದ ನೀರು ಸೇದ್ತೀವ್ರಿ."

"ಬಾವಿ ಹಾದಿಯಾಗ ಹತ್ತಿ ಒಟ್ಟೀಯಲ್ಲ..."

ಮೇಸ್ತ್ರಿ ಅಂದೇ ಆ ರಾಶಿ ತೆಗೆಸಿದ. ಆದರೆ ಸಾಹೇಬರ ಆಟ ಬೆಂಕಿ ಆರಿದ ಮೇಲೂ ಮುಗಿಯುತ್ತಿರಲಿಲ್ಲ. ನಾಳೆ ಪೋತ್ನಾಳದ ಗಾಡಿಗಳು ಬಂದರೆ ಹತ್ತಿ ಎಲ್ಲಿ ಇಳಿಸುತ್ತೀರಿ? ಫೋನು ಸುಟ್ಟಿದೆ, ರೈತರಿಗೆ ಹೇಗೆ ತಿಳಿಸುತ್ತೀರಿ? ಬಸ್ ಕಂಡಕ್ಟರುಗಳ ಕೈಲಿ ಹೇಳಿ ಕಳಿಸುತ್ತೇನೆ ಎಂದೆ. "ಶಾಬಾಶ್" ಎಂದರು. ಆ ಆಫೀಸಿನಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು ಅಲ್ಲಿಂದ. ಪಕ್ಕದ ಮಿಲ್ಲಿನ ಖಾಲಿ ಗೋದಾಮನ್ನೂ ಅವರು ಆಗಲೇ ಮಾತಾಡಿ ಇಟ್ಟಿದ್ದರು.

ಒಮ್ಮೆ ತಮ್ಮ ಕುರ್ಚಿಯನ್ನು ಗೋಡೆಗೆ ಸರಿಸಿದರು. "ಇವತ್ತು ನಾ ಊರಾಗಿಲ್ಲ. ದೇವದುರ್ಗಕ್ಕ ತಂಗಿ ಮನಿಗೆ ಹೋಗೀನಿ. ನನ್ನ ಕೇಳಬ್ಯಾಡ್ರಿ."

ಅಲ್ಲಿಂದ ಪ್ರತಿ ಸಲವೂ ಹಾಗೆಯೇ. ಮೊದಮೊದಲು ನಾವು ಎಡವಿದಾಗಲೆಲ್ಲ ಅವರ ಮುಖ ನೋಡುತ್ತಿದ್ದೆವು. ಅವರು ಕಿಟಕಿಯ ಕಡೆ ತಿರುಗುತ್ತಿದ್ದರು. ಬರುಬರುತ್ತ ನೋಡುವುದನ್ನು ಬಿಟ್ಟೆವು. ಒಂದು ದಿನ ಆಟ ಮುಗಿಸಿ ಎಲ್ಲರೂ ವಾದಿಸುತ್ತಲೇ ಚಹಾಕ್ಕೆ ಹೊರಟೆವು. ನಾನು ತಿರುಗಿ ನೋಡಿದರೆ ಅವರು ಇನ್ನೂ ಗೋಡೆಯ ಹತ್ತಿರವೇ ಕೂತಿದ್ದರು.

"ಮುಗೀತ್ರಿ ಸಾಹೇಬ್ರ, ಬರ್ರಿ" ಎಂದೆ.

"ಹೌದೇನು..." ಎಂದು ನಕ್ಕು ಎದ್ದರು.

ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ನಿಜವಾಗಿಯೂ ಬೆಂಕಿ ಬಿತ್ತು. ಸಾಹೇಬರು ನಿಜವಾಗಿಯೂ ದೇವದುರ್ಗದಲ್ಲಿದ್ದರು, ತಂಗಿ ತೀರಿಹೋಗಿದ್ದರು. ಹೊಗೆ ಕಂಡ ಕೂಡಲೇ ಮೇಸ್ತ್ರಿ ಜನರನ್ನು ಹೊರಗೆ ಕಳಿಸಿ ಬಾವಿಯಿಂದ ನೀರಿನ ಕೊಡಗಳ ಸಾಲು ಹಚ್ಚಿದ. ಕಂಡಕ್ಟರುಗಳಿಗೆ ಹೇಳಲು ನನ್ನ ಕಾಲು ತಾನಾಗಿಯೇ ಬಸ್ ಸ್ಟ್ಯಾಂಡಿನ ಕಡೆ ನಡೆದಿತ್ತು. ಜಿನ್ನಿನ ಮನೆ ಸುಟ್ಟುಹೋಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮರುದಿನ ಗಾಡಿಗಳು ನೇರ ಪಕ್ಕದ ಗೋದಾಮಿಗೆ ಬಂದವು.

ಸಂಜೆ ಸಾಹೇಬರು ಬಸ್ಸಿಳಿದು ಓಡುತ್ತ ಬಂದರು. ಗೋದಾಮಿನಲ್ಲಿ ತೂಕ ನಡೆದಿತ್ತು. ಯಾರಿಗೂ ಪುರುಸೊತ್ತಿರಲಿಲ್ಲ.

"ನಾ ಏನ್ ಮಾಡ್ಲಿ?" ಎಂದು ಕೇಳಿದರು.

"ನೀವು ಕುಂದರ್ರಿ ಸಾಹೇಬ್ರ, ಎಲ್ಲಾ ಆಗ್ಯಾದ" ಎಂದ ಮೇಸ್ತ್ರಿ. ಪ್ರೀತಿಯಿಂದಲೇ ಹೇಳಿದ.

ಅವರು ಹತ್ತಿ ತುಂಬಿದ ಒಂದು ಅಂಡಿಗೆಯ ಮೇಲೆ ಕೂತರು. ಕೈಯಲ್ಲಿನ ಚೀಲವನ್ನು ಕೆಳಗಿಡಲೇ ಇಲ್ಲ. ತಂಗಿಯ ಸುದ್ದಿಯನ್ನು ನಾವ್ಯಾರೂ ಕೇಳಲಿಲ್ಲ...

ಮುಂದಿನ ಹಂಗಾಮಿಗೆ ಮಾಲೀಕರು, ನಿಮಗೂ ವಯಸ್ಸಾಯಿತು, ಮೇಸ್ತ್ರಿಯೇ ನೋಡಿಕೊಳ್ಳುತ್ತಾನೆ ಎಂದರು. ಸಾಹೇಬರು ಕೆಲಸ ಬಿಟ್ಟು ದೇವದುರ್ಗದಲ್ಲಿ ಒಂದು ಕೋಣೆ ಹಿಡಿದರು. ಒಮ್ಮೆ ಹೋಗಿದ್ದೆ. ಚಹಾ ಮಾಡಿ ಕೊಟ್ಟು, "ಇನ್ನೂ ಮೇಜಿಗೆ ಕೂಡ್ತೀರೇನು?" ಎಂದರು.

"ಇಲ್ರಿ. ನೀವು ಹೋದ ಮ್ಯಾಲೆ ಯಾರೂ ಕೂಡಂಗಿಲ್ಲ."

"ಕೂಡ್ಬೇಕು ಬೇಟಿ. ಹೊಸಾ ಮಂದಿ ಬರ್ತಾರ..." ಎಂದರು. ಹೊರಡುವಾಗ ಬಸ್ಸಿನ ತನಕ ಬಂದು, ಅದು ಹೊರಟರೂ ಅಲ್ಲೇ ನಿಂತಿದ್ದರು. ಅವರು ತೀರಿಹೋದ ಸುದ್ದಿ ನನಗೆ ತಿಂಗಳುಗಳ ಮೇಲೆ ಯಾರದೋ ಮಾತಿನ ನಡುವೆ ಸಿಕ್ಕಿತು.

ಮೊನ್ನೆ ದೇವದುರ್ಗಕ್ಕೆ ಮದುವೆಗೆಂದು ಹೋದವಳು ಆ ಓಣಿಗೆ ಹೋದೆ. ಕೋಣೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅವರನ್ನು ಎಲ್ಲಿ ಮಣ್ಣು ಮಾಡಿದರೆಂದು ವಿಚಾರಿಸಿದೆ.

"ಯಾರ್ರಿ ಅವರು? ನಿಮಗೇನಾಗ್ಬೇಕು?" ಎಂದ ಅಂಗಡಿಯವನು.

"ನಮ್ಮ ಮ್ಯಾನೇಜರ್ ಸಾಹೇಬ್ರು" ಎಂದೆ. ಅಷ್ಟು ಹೇಳಿದರೆ ಸಾಕಾಗುತ್ತಿದ್ದ ಮೇಸ್ತ್ರಿ, ಗುಮಾಸ್ತರು ಯಾರೂ ಈಗಿಲ್ಲ. ಅಂಗಡಿಯವನು ಗೊತ್ತಿಲ್ಲವೆಂದು ತಲೆಯಾಡಿಸಿ ಗಿರಾಕಿಯ ಕಡೆ ತಿರುಗಿದ. ನಾನು ಮದುವೆ ಮನೆಗೆ ಹೋಗದೆ ರಾಯಚೂರಿನ ಬಸ್ಸು ಹತ್ತಿದೆ.