ಮೊದಲು ಆರುವ ಬೀದಿ

ಊರಿಗೆಲ್ಲ ಅವಳು ಕರೆಂಟಕ್ಕ. ಊರಿನ ಸ್ವಂತ ಸೋಲಾರ್ ಕರೆಂಟಿನ ಕಂಟ್ರೋಲ್ ರೂಮು ಅವಳ ಕೈಗೆ ಬಂದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಅವಳೇ ಮರೆತಳೋ ಏನೋ! ಮೋಡ ಕವಿದು ಬ್ಯಾಟರಿ ಇಳಿದರೆ ಯಂತ್ರ ತಾನಾಗಿಯೇ ಒಂದೊಂದು ಬೀದಿಯ ಕರೆಂಟು ತೆಗೆಯುತ್ತದೆ. ಯಾವ ಬೀದಿ ಮೊದಲು, ಯಾವುದು ಕೊನೆಗೆ ಎಂದು ಸರದಿ ಹಾಕಿದವಳು ಅವಳೇ. ಆಸ್ಪತ್ರೆಯದನ್ನು ಮುಟ್ಟುವಂತೆಯೇ ಇಲ್ಲ. ಮೊದಲು ಆರುವುದು ಅವಳ ಸ್ವಂತ ಬೀದಿ. ಯಾರೂ ಬೆರಳು ತೋರಿಸಿ ಮಾತಾಡಬಾರದಲ್ಲ! ಇದು ಊರಿಗೆ ಗೊತ್ತಿತ್ತು. ಊರಿಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಬೀಗುತ್ತಿದ್ದಳು, ಸುಳ್ಳೇಕೆ?

ಹೋದ ವಾರ ಮಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದರು. ಶ್ವಾಸಕೋಶ ಸೋತಿತ್ತು, ಮಂಚದ ಪಕ್ಕ ಆಕ್ಸಿಜನ್ ಮೆಷಿನ್ ಗುರುಗುಡುತ್ತಿತ್ತು. ಗಂಡ ಅವತ್ತೇ ಹೇಳಿದ, "ನಮ್ಮ ಬೀದೀನ ಕೊನೆಗೆ ಹಾಕೇ."

"ಅವಳ ಮನೆಗೆ ಬೇಕಾದಾಗ ಸರದಿ ಬದಲಾಯ್ತು ಅಂತ ಊರೆಲ್ಲ ಆಡ್ಕೊಳ್ಳಲ್ವಾ? ಕರೆಂಟ್ ಹೋದ್ರೆ ಆಕ್ಸಿಜನ್ ಸಿಲಿಂಡರ್ ಇದೆಯಲ್ಲ, ನೀವಿದೀರಲ್ಲ."

ಅವನು ಹಣೆ ಚಚ್ಚಿಕೊಂಡ.

ಇವತ್ತು ಬೆಳಗಿನಿಂದ ಮೋಡ. ಪರದೆಯ ಮೇಲೆ ಬ್ಯಾಟರಿಯ ಗೆರೆ ಇಳಿಯುತ್ತಲೇ ಇತ್ತು. ಹಿಟ್ಟಿನ ಗಿರಣಿಯೊಂದು ನಿಂತರೆ ಸಾಕು, ಎಲ್ಲರೂ ಬಚಾವ್. ಗಿರಣಿಯವನಿಗೆ ಫೋನ್ ಮಾಡಿದಳು. "ಅಣ್ಣಾ, ಸ್ವಲ್ಪ ಹೊತ್ತು ಗಿರಣಿ ನಿಲ್ಸಿ."

"ಜನ ಚೀಲ ಹಿಡ್ಕೊಂಡು ನಿಂತಿದ್ದಾರೆ ತಾಯಿ. ಯಾಕೆ, ನಿನಗೂ ಸೂರ್ಯನಿಗೂ ಜಗಳಾನಾ?" ಎಂದು ಅವನು ನಕ್ಕ.

ಮಾವನ ವಿಷಯ ನಾಲಿಗೆಯ ತುದಿಗೆ ಬಂತು. ತನ್ನ ಮನೆಗೋಸ್ಕರ ಕೇಳಿದಂತಾಗುತ್ತದೆಂದು ನುಂಗಿಕೊಂಡಳು. "ಬೇಗ ಮುಗ್ಸಿ ಅಣ್ಣಾ" ಎಂದಷ್ಟೇ ಹೇಳಿ ಫೋನಿಟ್ಟಳು.

ಅಷ್ಟರಲ್ಲೇ ಪರದೆಯ ಮೇಲೆ ಅವಳ ಬೀದಿ ಕೆಂಪಾಯಿತು. ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಊಹೂಂ. ಅಯ್ಯೋ, ಹಾಳಾಗಿ ಹೋಗಲಿ ಈ ಸರದಿ! ಗಿರಣಿಯ ಬೀದಿಯನ್ನು ಕೈಯಾರೆ ಆರಿಸಿ, ತನ್ನ ಬೀದಿಗೆ ಕರೆಂಟು ಕೊಟ್ಟು, ಮನೆಗೆ ಓಡಿದಳು.

ಗಂಡ ಮಂಚದ ಬಳಿ ನೆಲದ ಮೇಲೆ ಕೂತಿದ್ದ. ಸಿಲಿಂಡರಿನ ತಿರುಪು ಬಿಗಿದುಕೊಂಡಿತ್ತಂತೆ. ಅದರ ಜೊತೆ ಗುದ್ದಾಡುತ್ತ ಅವನ ಬೆರಳಿನ ಚರ್ಮ ಕಿತ್ತುಹೋಗಿತ್ತು, ಇನ್ನು ಫೋನ್ ಎತ್ತುವುದೆಲ್ಲಿ? ಮೆಷಿನ್ ಮತ್ತೆ ಗುರುಗುಡುತ್ತಿತ್ತು. ಮಾವನ ತುಟಿಯ ನೀಲಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಹಿಂದೆಯೇ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಜಗಳಕ್ಕೆ ಬಂದ ಗಿರಣಿಯವನು ಬಾಗಿಲಲ್ಲೇ ನಿಂತುಬಿಟ್ಟ. "ಒಂದು ಮಾತು ಹೇಳಿದ್ರೆ ನಾನೇ ನಿಲ್ಲಿಸ್ತಿದ್ನಲ್ಲಮ್ಮಾ! ಯಾರು ಏನಂತಿದ್ರು?"

ಮಾವ ಕಣ್ಣು ಬಿಟ್ಟು, ತಡೆತಡೆದು ಕೇಳಿದರು. "ಊರವರ ಹತ್ರ ಒಳ್ಳೆಯವಳು ಅನ್ನಿಸ್ಕೊಳ್ಳೋಕೆ... ನನ್ನ ಉಸಿರೇ ಬೇಕಿತ್ತೇನಮ್ಮಾ?"

ಅವಳು ಅಳುತ್ತಾ ಅವರ ಕೈ ಹಿಡಿಯಲು ಹೋದಳು. ಮಾವ ಕೈ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.